ರಸ್ತೆ ಕಾರಿಗೆ ಡ್ರ್ಯಾಗ್ ಟೈರ್ ಹಾಕಿದರೆ ಯಾವ ಶಾಫ್ಟ್ ಮೊದಲು ಬದಲಿಸಬೇಕು?

ಹಿಂಗಾಲಿ_ಹುಡುಗ:

ಎಲ್ಲರಿಗೂ ನಮಸ್ಕಾರ. ವಿವರ ಮೊದಲೇ ಕೊಟ್ಟುಬಿಡುತ್ತೇನೆ. ಹಿಂದಿನ ಚಕ್ರಕ್ಕೆ ಪವರ್ ಹೋಗುವ ಸೆಡಾನ್, ಮ್ಯಾನುಯಲ್ ಗೇರ್‌ಬಾಕ್ಸ್. ನನ್ನನ್ನೂ ಸೇರಿಸಿ ತೂಕ ಸುಮಾರು 1600 ಕೆ.ಜಿ. ಟರ್ಬೊ ಎಂಜಿನ್, ಟಾರ್ಕ್ (ತಿರುಚುವ ಬಲ) 600 ನ್ಯೂಟನ್ ಮೀಟರ್. ಮೊದಲ ಗೇರ್ ಅನುಪಾತ 3.0, ಡಿಫ್ (ಹಿಂದಿನ ಎರಡು ಚಕ್ರಕ್ಕೆ ಪವರ್ ಹಂಚುವ ಗೇರ್‌ಗಳು) 3.73. ಗೇರ್‌ಬಾಕ್ಸ್‌ನಿಂದ ಡಿಫ್‌ಗೆ ಪವರ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದು, ನಡುವೆ ಸೆಂಟರ್ ಬೇರಿಂಗ್ ಇದೆ. ಹಿಂದೆ ಲೈವ್ ಆಕ್ಸಲ್ (ಡಿಫ್, ಎರಡೂ ಕಡೆಯ ಆಕ್ಸಲ್ ಒಂದೇ ಗಟ್ಟಿ ಹೌಸಿಂಗ್ ಒಳಗೆ), ಆಕ್ಸಲ್ ತುದಿಯಲ್ಲಿ 28 ಸ್ಪ್ಲೈನ್, ಅಂದರೆ ಉದ್ದುದ್ದ ಹಲ್ಲು. ಟೈರ್ ಎತ್ತರ 66 ಸೆಂ.ಮೀ.

ವಾರವೆಲ್ಲ ಕೆಲಸಕ್ಕೆ ಇದೇ ಕಾರು. ರಜೆ ಸಿಕ್ಕರೆ ಡ್ರ್ಯಾಗ್ ಸ್ಟ್ರಿಪ್, ಅಂದರೆ ನೇರ ಓಟದ ರೇಸ್ ಟ್ರ್ಯಾಕ್. ಇಷ್ಟು ದಿನ ಮಾಮೂಲಿ ಟೈರ್ ಇತ್ತು. ಹೊರಡುವಾಗ ಬರೀ ಹೊಗೆ. ಈಗ ಡ್ರ್ಯಾಗ್ ರೇಡಿಯಲ್ (ನೆಲಕ್ಕೆ ಚೆನ್ನಾಗಿ ಅಂಟುವ ಡ್ರ್ಯಾಗ್ ಟೈರ್) ತಂದಿದ್ದೇನೆ, ಇನ್ನೂ ಹಾಕಿಲ್ಲ. ಒಬ್ಬ ಗೆಳೆಯ ಅಲ್ಯುಮಿನಿಯಂ ಶಾಫ್ಟ್ ಹಾಕು ಅನ್ನುತ್ತಾನೆ. ಇನ್ನೊಬ್ಬ ಆಕ್ಸಲ್ ಮೊದಲು ಅನ್ನುತ್ತಾನೆ. ಎಂಜಿನ್ ಪವರ್ ಏನೂ ಜಾಸ್ತಿ ಮಾಡುತ್ತಿಲ್ಲವಲ್ಲ, ಹಾಗಿದ್ದರೆ ಏನನ್ನಾದರೂ ಬದಲಿಸುವ ಅಗತ್ಯ ನಿಜಕ್ಕೂ ಇದೆಯಾ?

ಲೇತ್_ಮಾಸ್ಟರ್:

ಇದೆ. ಪವರ್ ಹೆಚ್ಚದಿದ್ದರೂ ಶಾಫ್ಟ್ ಮೇಲಿನ ಹೊರೆ ಹೆಚ್ಚುತ್ತದೆ.

ಎಲ್ಲರೂ ಹಾಕುವ ಲೆಕ್ಕ ಏನು? 600 ಗುಣಿಸು 3.0, ಅಂದರೆ ಶಾಫ್ಟ್‌ಗೆ 1800 ನ್ಯೂಟನ್ ಮೀಟರ್. ಆದರೆ ಟೈರ್ ಜಾರಲು ಶುರುವಾದ ಮೇಲೆ ಅಷ್ಟು ಟಾರ್ಕ್ ಶಾಫ್ಟ್ ನೋಡುವುದೇ ಇಲ್ಲ. ನೆಲ ಎಷ್ಟು ತಡೆಯುತ್ತದೋ ಅಷ್ಟೇ ಶಾಫ್ಟ್ ತಿರುಚುತ್ತದೆ. ಉಳಿದದ್ದು ಚಕ್ರವನ್ನು ಸುಮ್ನೆ ಸುತ್ತಿಸಲು ಹೋಗುತ್ತದೆ. ಹಾಗಾಗಿ ಲೆಕ್ಕ ಟೈರ್ ಕಡೆಯಿಂದ ಶುರು ಮಾಡಿ.

ಮಾಮೂಲಿ ಟೈರ್‌ನಲ್ಲಿ ನಿಮ್ಮಂಥ ಕಾರು ಹೊರಡುವಾಗ ಸುಮಾರು ಅರ್ಧ ಜಿ ವೇಗೋತ್ಕರ್ಷ (ಜಿ ಅಂದರೆ ಕೆಳಗೆ ಬೀಳುವ ವಸ್ತುವಿನ ವೇಗೋತ್ಕರ್ಷ) ಸಿಗುತ್ತದೆ. ಒಳ್ಳೆಯ ಡ್ರ್ಯಾಗ್ ಟೈರ್, ಅಂಟು ಹಾಕಿದ ಟ್ರ್ಯಾಕ್ ಇದ್ದರೆ ಒಂದು ಜಿ ಹತ್ತಿರ ಹೋಗಬಹುದು. ಒಂದು ಜಿ ಅಂದರೆ ಟೈರ್ ನೆಲವನ್ನು ಕಾರಿನ ತೂಕದಷ್ಟೇ ಬಲದಿಂದ ತಳ್ಳುತ್ತಿದೆ, 15,700 ನ್ಯೂಟನ್. ಟೈರ್ ತ್ರಿಜ್ಯ 0.33 ಮೀಟರ್. ಎರಡೂ ಚಕ್ರ ಸೇರಿ 5180 ನ್ಯೂಟನ್ ಮೀಟರ್. ಅದನ್ನು 3.73ರಿಂದ ಭಾಗಿಸಿದರೆ ಪ್ರೊಪೆಲ್ಲರ್ ಶಾಫ್ಟ್‌ಗೆ 1390. ಹಳೆ ಟೈರ್‌ನಲ್ಲಿ ಇದರ ಅರ್ಧ, ಸುಮಾರು 700.

ಇಷ್ಟು ದಿನ ಹೊಗೆ ಬರುತ್ತಿತ್ತಲ್ಲ, ಅದೇ ನಿಮ್ಮ ಶಾಫ್ಟ್‌ಗಳನ್ನು ಕಾಪಾಡುತ್ತಿತ್ತು.

ಬೂಸ್ಟ್_ಬಸಣ್ಣ:

ಮಾಸ್ಟರ್ ಲೆಕ್ಕ ಸರಿ, ಆದರೆ ಅರ್ಧ ಮಾತ್ರ. 1390 ಅನ್ನುವುದು ಕಾರು ನೆಟ್ಟಗೆ ಎಳೆಯುತ್ತಿರುವಾಗಿನ ಅಂಕಿ. ಶಾಫ್ಟ್ ಮುರಿಯುವುದು ಅದಕ್ಕೆ ಮೊದಲಿನ ಹೊಡೆತಕ್ಕೆ. 5000 ಆರ್‌ಪಿಎಂನಲ್ಲಿ ಸುತ್ತುತ್ತಿರುವ ಫ್ಲೈವೀಲ್, ನಿಂತಿರುವ ಕಾರು, ಕ್ಲಚ್ ಪೆಡಲ್‌ನಿಂದ ಕಾಲು ಸರ್ರನೆ ಜಾರಿತು. ಆಗ ಎಂಜಿನ್ ಟಾರ್ಕ್ ಎಷ್ಟು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿ ಒಮ್ಮೆಲೇ ಬಂದು ಬಡಿಯುತ್ತದೆ.

ಆ ಹೊಡೆತಕ್ಕೆ ಮಿತಿ ಹಾಕುವುದು ಕ್ಲಚ್. ಅದು ಎಷ್ಟು ಟಾರ್ಕ್‌ಗೆ ಜಾರುತ್ತದೋ ಅದಕ್ಕಿಂತ ಜಾಸ್ತಿ ಹಿಂದಕ್ಕೆ ದಾಟಿಸಲಾರದು. 900 ಹಿಡಿಯುವ ಕ್ಲಚ್ ಹಾಕಿದ್ದರೆ, 3.0ರಿಂದ ಗುಣಿಸಿ, 2700 ನ್ಯೂಟನ್ ಮೀಟರ್ ಹೊಡೆತಕ್ಕೆ ದಾರಿ ತೆರೆದ ಹಾಗೆ. ಎಲ್ಲರೂ ‘ಗಟ್ಟಿ ಕ್ಲಚ್ ಹಾಕಿದೆ, ಆಮೇಲೆ ಆಕ್ಸಲ್ ಹೋಯಿತು’ ಅಂತ ಬರೆಯುತ್ತಾರೆ. ಎರಡಕ್ಕೂ ಸಂಬಂಧ ಇದೆ ಅಂತ ಮಾತ್ರ ಬರೆಯುವುದಿಲ್ಲ.

ಇನ್ನೊಂದು ಶತ್ರು ವೀಲ್ ಹಾಪ್. ಟೈರ್ ಹಿಡಿಯುತ್ತದೆ, ಸಸ್ಪೆನ್ಷನ್‌ನ ರಬ್ಬರ್ ಬುಷ್‌ಗಳು ಹಿಗ್ಗಿ ಆಕ್ಸಲ್ ಹೌಸಿಂಗ್ ತಿರುಗುತ್ತದೆ, ಟೈರ್ ಬಿಡುತ್ತದೆ, ಹೌಸಿಂಗ್ ವಾಪಸ್ ಬಡಿಯುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಸಲ. ಪ್ರತಿ ಸಲವೂ ಗೇರ್‌ಗಳ ನಡುವಿನ ಸಂದು ತೆರೆದು ಮುಚ್ಚುತ್ತದೆ. ಹಾಪ್ ಶುರುವಾದರೆ ತಕ್ಷಣ ಆಕ್ಸಿಲರೇಟರ್ ಬಿಡಿ. ಆ ಓಟ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ.

ಹಿಂಗಾಲಿ_ಹುಡುಗ:

ಬಸಣ್ಣ, ನನ್ನದು ಸೆರಾಮಿಕ್ ಪಕ್ ಕ್ಲಚ್. ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು, ನಡುವೆ ಏನೂ ಇಲ್ಲ. ಇದು ಒಳ್ಳೆಯ ಸುದ್ದಿ ಅಲ್ಲ ಅಂತ ಈಗ ಗೊತ್ತಾಯಿತು. ಹಾಗಾದರೆ ಮೊದಲು ಮುರಿಯುವುದು ಯಾವುದು? ಶಾಫ್ಟ್‌ನ ಕೊಳವೆನಾ, ಕ್ರಾಸ್‌ನಾ, ಆಕ್ಸಲ್‌ನಾ?

ಲೇತ್_ಮಾಸ್ಟರ್:

ಕೊಳವೆ ತಿರುಚಿ ಹರಿದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ವಸ್ತು ಮಧ್ಯದಿಂದ ದೂರ ಇದ್ದಷ್ಟೂ ತಿರುಚುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಕೊಳವೆಯ ಲಾಭವೇ ಅದು. ಮೊದಲು ಹೋಗುವುದು ಯುಜೆ (ಯೂನಿವರ್ಸಲ್ ಜಾಯಿಂಟ್, ಶಾಫ್ಟ್ ತುದಿಯ ಕೀಲು) ಒಳಗಿನ ನಾಲ್ಕು ತೋಳಿನ ಕ್ರಾಸ್, ಇಲ್ಲವೇ ಅದನ್ನು ಹಿಡಿದಿರುವ ಯೋಕ್‌ನ ಕಿವಿ.

ಕ್ರಾಸ್‌ಗಳಲ್ಲಿ ಹೆಚ್ಚು ಕೇಳಿಬರುವುದು ಸ್ಪೈಸರ್ ಅಳತೆಯ 1310, 1330, 1350. 1310ರ ಅಗಲ 81.8 ಮಿ.ಮೀ., ತೋಳಿನ ತುದಿಯ ಬೇರಿಂಗ್ ಕಪ್ 27 ಮಿ.ಮೀ. 1330ರ ಅಗಲ 92.1, ಕಪ್ ಮಾತ್ರ ಅದೇ 27. ಅಂದರೆ ತೋಳು ಉದ್ದವಾಗಿದೆ, ದಪ್ಪ ಆಗಿಲ್ಲ. 1350ರಲ್ಲಿ ಅಗಲ 92.1, ಕಪ್ 30.2. ನಿಜವಾದ ಏರಿಕೆ ಇಲ್ಲಿ. 1310ರಿಂದ 1330ಕ್ಕೆ ಹೋಗಿ ‘ಅಪ್‌ಗ್ರೇಡ್ ಮಾಡಿದೆ’ ಅನ್ನುವವರ ಬಗ್ಗೆ ನನಗೆ ಅಷ್ಟೇನೂ ಗೌರವ ಇಲ್ಲ, ಹೋಗುವುದಾದರೆ 1350ಕ್ಕೇ ಹೋಗಿ. ಗ್ರೀಸ್ ನಿಪ್ಪಲ್ ಇಲ್ಲದ ಘನ ಕ್ರಾಸ್ ತಗೊಳ್ಳಿ. ಗ್ರೀಸ್ ಹೋಗಲು ಕೊರೆದ ತೂತು ಕ್ರಾಸ್‌ನ ಶಕ್ತಿಯನ್ನು ತಿನ್ನುತ್ತದೆ.

ಆಕ್ಸಲ್ ವಿಷಯ ಇನ್ನೂ ಗಂಭೀರ. 5180ರಲ್ಲಿ ಅರ್ಧ, 2590 ನ್ಯೂಟನ್ ಮೀಟರ್ ಒಂದೊಂದು ಆಕ್ಸಲ್‌ಗೆ. ಪ್ರೊಪೆಲ್ಲರ್ ಶಾಫ್ಟ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು. 28 ಸ್ಪ್ಲೈನ್ ಆಕ್ಸಲ್ ಸುಮಾರು 30 ಮಿ.ಮೀ. ದಪ್ಪ ಇರುತ್ತದೆ. ಅದರ ಮೈಮೇಲೆ ಬರುವ ತಿರುಚು ಒತ್ತಡ ಸುಮಾರು 490 ಮೆಗಾಪಾಸ್ಕಲ್. ಇದು ನಿಭಾಯಿಸಬಹುದಾದದ್ದೇ. ಆದರೆ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುವ ಹಾಗೆ ಡಿಫ್ ಲಾಕ್ ಆಗಿದ್ದು, ಒಂದು ಟೈರ್ ಅಂಟಿನ ಮೇಲೆ, ಇನ್ನೊಂದು ಧೂಳಿನ ಮೇಲೆ ನಿಂತರೆ? ಭಾರದ ಬಹುಪಾಲು ಒಂದೇ ಆಕ್ಸಲ್‌ಗೆ. ಪೂರ್ತಿ ಒಂದೇ ಕಡೆ ಬಂದರೆ ಒತ್ತಡ 980 ಮೆಗಾಪಾಸ್ಕಲ್. ಅದರ ಮೇಲೆ ಬಸಣ್ಣ ಹೇಳಿದ ಹೊಡೆತ ಬೇರೆ. ಹದ ಮಾಡಿದ ಉಕ್ಕಿಗೂ ಅದು ಕಷ್ಟವೇ.

ಆಕ್ಸಲ್‌ನ ಶಕ್ತಿ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. 31 ಸ್ಪ್ಲೈನ್ ಸುಮಾರು 33 ಮಿ.ಮೀ., ಅಂದರೆ ಮೂರನೇ ಒಂದರಷ್ಟು ಜಾಸ್ತಿ ಶಕ್ತಿ. 35 ಸ್ಪ್ಲೈನ್ ಸುಮಾರು 38 ಮಿ.ಮೀ., ಅದೇ ಉಕ್ಕಾದರೂ ದುಪ್ಪಟ್ಟು. ಸ್ಪ್ಲೈನ್ ಎಣಿಕೆ ಮುಖ್ಯ ಅಲ್ಲ, ದಪ್ಪ ಮುಖ್ಯ.

ಟಾರ್ಕ್_ತಿಮ್ಮ:

ಉಕ್ಕಿನ ಬಗ್ಗೆಯೂ ಹೇಳಿ ಮಾಸ್ಟರ್. 1541, 4340, 300ಎಂ ಅಂತ ಬರೆದಿರುತ್ತಾರೆ. 300ಎಂ ಅತಿ ಗಟ್ಟಿ ಅಂತ ಕೇಳಿದ್ದೇನೆ. ಕಣ್ಣುಮುಚ್ಚಿ ಅದನ್ನೇ ಹಾಕಬಹುದಾ?

ಲೇತ್_ಮಾಸ್ಟರ್:

ತಿಮ್ಮಣ್ಣ, ಉಕ್ಕಿನ ಹೆಸರೊಂದೇ ಏನೂ ಹೇಳುವುದಿಲ್ಲ. ಹದ ಹೇಗೆ ಮಾಡಿದ್ದಾರೆ ಅನ್ನುವುದನ್ನೂ ಕೇಳಬೇಕು. ಚೆನ್ನಾಗಿ ಇಂಡಕ್ಷನ್ ಹಾರ್ಡನಿಂಗ್ ಮಾಡಿದ 1541 ಆಕ್ಸಲ್‌ಗೆ ಮೈ ಗಡುಸು, ಒಳಗೆ ನಾರು (ತಿರುಚಿದರೂ ಥಟ್ಟನೆ ಮುರಿಯದ ಗುಣ). ದಿನಾ ಗುಂಡಿ ಹಾರುವ ರಸ್ತೆ ಕಾರಿಗೆ ಅದು ತುಂಬಾ ಒಳ್ಳೆಯದು. ಸರಿಯಾಗಿ ಹದ ಮಾಡದ 4340 ಅದಕ್ಕಿಂತ ಬೇಗ ಸ್ಪ್ಲೈನ್ ತಿರುಚಿಕೊಂಡೀತು. 300ಎಂನ ಕರ್ಷಣ ಶಕ್ತಿ 1900 ಮೆಗಾಪಾಸ್ಕಲ್ ದಾಟುತ್ತದೆ, ನಿಜ. ಆದರೆ ಅದು ಗೀರು, ತುಕ್ಕಿನ ಗುಳಿ ಇವನ್ನು ಸಹಿಸುವುದಿಲ್ಲ. ಮಳೆ, ಕೆಸರಿನಲ್ಲಿ ಓಡುವ ಕಾರಿಗೆ ಅದು ಯಾಕೆ?

ಆಕಾರವನ್ನೂ ನೋಡಿ. ಸ್ಪ್ಲೈನ್‌ನ ತಳಕ್ಕಿಂತ ನಡುಭಾಗ ದಪ್ಪ ಇದ್ದರೆ ತಿರುಚುವಿಕೆಯೆಲ್ಲ ಸ್ಪ್ಲೈನ್ ಮುಗಿಯುವ ಜಾಗದಲ್ಲೇ ಸೇರಿಕೊಳ್ಳುತ್ತದೆ. ಒಳ್ಳೆಯ ತಯಾರಕರು ನಡುಭಾಗವನ್ನು ಸ್ವಲ್ಪ ಸಣ್ಣ ಮಾಡುತ್ತಾರೆ. ಆಗ ಇಡೀ ಉದ್ದ ಸ್ಪ್ರಿಂಗ್ ತರಹ ತಿರುಗಿ ಹೊಡೆತ ನುಂಗುತ್ತದೆ. ತೆಳ್ಳಗೆ ಮಾಡಿದರೆ ಗಟ್ಟಿಯಾಗುತ್ತದೆ ಅಂದರೆ ಅಂಗಡಿಯಲ್ಲಿ ಯಾರೂ ನಂಬುವುದಿಲ್ಲ.

ಮುಂಗಾಲಿ_ಕಿಟ್ಟಿ:

ಮುಂದಿನ ಚಕ್ರದವರು ಇಲ್ಲಿ ಒಬ್ಬನೇ ಇರಬೇಕು, ಆದರೂ ಹೇಳುತ್ತೇನೆ. ನಮ್ಮಲ್ಲಿ ಮೊದಲು ಹೋಗುವುದು ಸಿವಿ ಜಾಯಿಂಟ್ (ಚಕ್ರ ತಿರುಗಿದರೂ ಪವರ್ ದಾಟಿಸುವ, ಒಳಗೆ ಗುಂಡುಗಳಿರುವ ಕೀಲು), ಅದರಲ್ಲೂ ಹೊರಗಿನದು. ಹೊರಡುವಾಗ ಮೂತಿ ಮೇಲೇಳುತ್ತದೆ, ಶಾಫ್ಟ್‌ನ ಕೋನ ಜಾಸ್ತಿಯಾಗುತ್ತದೆ. ಕೋನ ಜಾಸ್ತಿಯಾದಷ್ಟೂ ಒಳಗಿನ ಗುಂಡುಗಳ ಮೇಲೂ ಅವನ್ನು ಹಿಡಿದಿರುವ ಕೇಜ್ ಮೇಲೂ ಭಾರ ಜಾಸ್ತಿ. ಸ್ಟೀರಿಂಗ್ ಸ್ವಲ್ಪ ತಿರುಗಿದ್ದರಂತೂ ಕೇಳುವುದೇ ಬೇಡ. ಸ್ಟೀರಿಂಗ್ ನೆಟ್ಟಗೆ ಇಟ್ಟು ಹೊರಡಿ, ಎಂಜಿನ್ ಮೌಂಟ್ ಗಟ್ಟಿ ಮಾಡಿ. ದುಡ್ಡು ಕೊಟ್ಟು ಶಾಫ್ಟ್ ತರುವ ಮೊದಲು ಇವೆರಡು.

ಬೂಸ್ಟ್_ಬಸಣ್ಣ:

ಕಿಟ್ಟಿ, ನಿಮ್ಮ ಕಡೆ ಎರಡು ಶಾಫ್ಟ್ ಉದ್ದ ಬೇರೆ ಬೇರೆ ಇರುವುದೂ ಒಂದು ತಲೆನೋವು, ಅಲ್ವಾ? ಹಿಂದಿನ ಚಕ್ರದ ಕಾರಿನವರು ಅಂಥ ಅಸಮತೆಯನ್ನು, ಉದ್ದದಲ್ಲಲ್ಲ ದಪ್ಪದಲ್ಲಿ, ಬೇಕೆಂದೇ ಬಳಸಿಕೊಂಡಿದ್ದಾರೆ. 2009ರ ಕ್ಯಾಡಿಲಾಕ್ ಸಿಟಿಎಸ್-ವಿಯಲ್ಲಿ ಡಿಫ್‌ನಿಂದ ಚಕ್ರಕ್ಕೆ ಹೋಗುವ ಹಿಂದಿನ ಒಂದು ಹಾಫ್ ಶಾಫ್ಟ್ 35 ಮಿ.ಮೀ. ದಪ್ಪ, ಇನ್ನೊಂದು 55 ಮಿ.ಮೀ. ಎರಡೂ ಬೇರೆ ಬೇರೆ ಲಯದಲ್ಲಿ ತಿರುಚುವುದರಿಂದ ಎರಡು ಚಕ್ರ ಒಟ್ಟಿಗೆ ಹಾಪ್ ಮಾಡುವುದು ತಪ್ಪುತ್ತದೆ.

ಸ್ಟ್ರಿಪ್_ಸೀನ:

ಗುರು, ಇಷ್ಟೆಲ್ಲ ಯಾಕೆ? ಒಂದೇ ತುಂಡಿನ ಅಲ್ಯುಮಿನಿಯಂ ಶಾಫ್ಟ್ ಹಾಕಿ. ಹಗುರ, 10-15 ಎಚ್‌ಪಿ ಚಕ್ರಕ್ಕೆ ಜಾಸ್ತಿ ಸಿಗುತ್ತದೆ, ಗಟ್ಟಿಯೂ ಹೌದು.

ಲೇತ್_ಮಾಸ್ಟರ್:

ಸೀನ, ಬೇಜಾರು ಮಾಡ್ಕೋಬೇಡಿ, ಆ ಎಚ್‌ಪಿ ಎಲ್ಲಿಂದ ಬರುತ್ತದೆ? 9 ಕೆ.ಜಿ. ಉಕ್ಕಿನ ಶಾಫ್ಟ್ ತೆಗೆದು 5.5 ಕೆ.ಜಿ. ಅಲ್ಯುಮಿನಿಯಂ ಹಾಕಿದರು ಅಂದುಕೊಳ್ಳಿ. ಸುತ್ತುವ ತೂಕ ಮಧ್ಯದಿಂದ ನಾಲ್ಕು ಸೆಂ.ಮೀ. ಆಸುಪಾಸಿನಲ್ಲೇ ಇದೆ. ಅಷ್ಟು ಸಣ್ಣ ತ್ರಿಜ್ಯದಲ್ಲಿ ಸುತ್ತುವಿಕೆಯ ಜಡತ್ವ ತೀರಾ ಕಡಿಮೆ. ಅದನ್ನು ಕಾರಿನ ತೂಕಕ್ಕೆ ಪರಿವರ್ತಿಸಿದರೆ ಉಕ್ಕಿನದು ಒಂದೂವರೆ ಕೆ.ಜಿ. ಚಿಲ್ಲರೆ, ಅಲ್ಯುಮಿನಿಯಂನದು ಒಂದೂಕಾಲು ಕೆ.ಜಿ. ಚಿಲ್ಲರೆ. ಅಲ್ಯುಮಿನಿಯಂ ಕೊಳವೆ ದಪ್ಪ (ವ್ಯಾಸ ದೊಡ್ಡದು) ಇರುವುದರಿಂದ ಹಗುರದ ಲಾಭ ಅಲ್ಲೇ ಕರಗುತ್ತದೆ. ಒಟ್ಟಾರೆ ಲಾಭ ನಾಲ್ಕು ಕೆ.ಜಿ. ಇಳಿಸಿದಷ್ಟು. ಹಿಂದಿನ ಡಿಕ್ಕಿಯಿಂದ ಜಾಕ್ ತೆಗೆದಿಟ್ಟರೂ ಇಷ್ಟು ಸಿಗುತ್ತದೆ.

ಆದರೆ ಒಂದೇ ತುಂಡು ಅಂದಿರಲ್ಲ, ಅದು ದೊಡ್ಡ ವಿಷಯ. ಹಿಂಗಾಲಿ ಅವರೇ, ಗೇರ್‌ಬಾಕ್ಸ್ ಕಡೆಯ ಕ್ರಾಸ್‌ನಿಂದ ಡಿಫ್ ಕಡೆಯ ಕ್ರಾಸ್‌ವರೆಗೆ ಉದ್ದ ಎಷ್ಟು?

ಹಿಂಗಾಲಿ_ಹುಡುಗ:

ಈಗಷ್ಟೇ ಅಳೆದೆ. ಸುಮಾರು 1.5 ಮೀಟರ್. ಕಾಲು ಮೈಲಿ ಕೊನೆಯಲ್ಲಿ ವೇಗ ಗಂಟೆಗೆ 180 ಕಿ.ಮೀ. ಹತ್ತಿರ ಬರುತ್ತದೆ.

ಲೇತ್_ಮಾಸ್ಟರ್:

ಸರಿ. 180 ಕಿ.ಮೀ. ವೇಗದಲ್ಲಿ ನಿಮ್ಮ ಟೈರ್‌ಗೆ, 3.73ಕ್ಕೆ, ಶಾಫ್ಟ್ ಸುಮಾರು 5400 ಆರ್‌ಪಿಎಂ ಸುತ್ತುತ್ತದೆ.

ಪ್ರತಿ ಶಾಫ್ಟ್‌ಗೂ ಒಂದು ಅಪಾಯದ ವೇಗ ಇರುತ್ತದೆ, ಕ್ರಿಟಿಕಲ್ ಸ್ಪೀಡ್. ಆ ವೇಗ ಮುಟ್ಟಿದರೆ ಶಾಫ್ಟ್ ನಡುವೆ ಬಿಲ್ಲಿನ ಹಾಗೆ ಬಾಗಿ ಕುಣಿಯಲು ಶುರು ಮಾಡುತ್ತದೆ. ಎಷ್ಟೇ ಬ್ಯಾಲೆನ್ಸ್ ಮಾಡಿದ್ದರೂ ಅಷ್ಟೇ. ಟಾರ್ಕ್‌ಗೂ ಅದಕ್ಕೂ ಸಂಬಂಧ ಇಲ್ಲ. ಉದ್ದ ದುಪ್ಪಟ್ಟಾದರೆ ಈ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಕೊಳವೆ ದಪ್ಪ ಆದಷ್ಟೂ ಏರುತ್ತದೆ. ಕಾರ್ಖಾನೆಯವರು ನಿಮ್ಮ ಶಾಫ್ಟನ್ನು ಎರಡು ತುಂಡು ಮಾಡಿದ್ದಕ್ಕೆ ಇದು ದೊಡ್ಡ ಕಾರಣ.

1.5 ಮೀಟರ್ ಉದ್ದಕ್ಕೆ ಪುಸ್ತಕದ ಸೂತ್ರದಲ್ಲಿ ಹಾಕಿದೆ. 3 ಇಂಚು ಉಕ್ಕಿನ ಕೊಳವೆಗೆ ಸುಮಾರು 5600 ಆರ್‌ಪಿಎಂ. ನಿಮ್ಮ 5400 ಅದರ ಬಾಗಿಲಲ್ಲೇ ನಿಂತಿದೆ. 3.5 ಇಂಚು ಅಲ್ಯುಮಿನಿಯಂಗೆ 6400. 4 ಇಂಚು ಅಲ್ಯುಮಿನಿಯಂಗೆ 7400. ನಿಜವಾದ ಕಾರಿನಲ್ಲಿ ಯೋಕ್, ಮೌಂಟ್‌ಗಳು ಸ್ವಲ್ಪ ಬಾಗುವುದರಿಂದ ಇನ್ನೂ ಕಡಿಮೆ ಬರುತ್ತದೆ. ಅದಕ್ಕೇ ನಾನು ಮುಕ್ಕಾಲು ಭಾಗ ದಾಟಬಾರದು ಅನ್ನುತ್ತೇನೆ. ಆ ಲೆಕ್ಕದಲ್ಲಿ ನಿಮಗೆ 4 ಇಂಚಿನದು ಮಾತ್ರ ಪಾಸು, ಅದೂ ಕೂದಲೆಳೆಯಲ್ಲಿ.

ಇನ್ನೊಂದು ವಿಷಯ. ಅಲ್ಯುಮಿನಿಯಂ ಆದ್ದರಿಂದ ಈ ವೇಗ ಏರುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ ನೋಡಿ, ಉಕ್ಕು, ಅಲ್ಯುಮಿನಿಯಂ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ. ಲಾಭ ಬರುವುದು ದಪ್ಪದಿಂದ. ತೂಕ ಏರದೆ ದಪ್ಪ ಕೊಳವೆ ಹಾಕಲು ಅಲ್ಯುಮಿನಿಯಂ ಬಿಡುತ್ತದೆ, ಅಷ್ಟೇ.

ಟಾರ್ಕ್_ತಿಮ್ಮ:

ಹಾಗಾದರೆ ಕಾರ್ಬನ್ ಫೈಬರ್?

ಲೇತ್_ಮಾಸ್ಟರ್:

ಅದರಲ್ಲಿ ವಸ್ತುವಿನಿಂದಲೇ ಲಾಭ ಇದೆ. ಹಗುರ, ಬಿಗಿ, ಮುರಿದರೆ ಉಕ್ಕಿನ ಹಾಗೆ ನೆಲ ಅಗೆಯದೆ ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಪಕ್ಕದಲ್ಲೇ ಬಿಸಿ ಸೈಲೆನ್ಸರ್ ಪೈಪ್ ಇದ್ದರೆ, ಜಲ್ಲಿ ರಸ್ತೆಯಲ್ಲಿ ಓಡಿಸುವುದಾದರೆ, ಯಾರೋ ಜಾಕ್ ತಾಗಿಸಿದರೆ ಒಳಗೆ ಏನಾಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ದಿನಾ ಓಡಿಸುವ ಕಾರಿಗೆ ನಾನು ಹಾಕಲಾರೆ.

ಕ್ವಾರ್ಟರ್_ಮೈಲಿ:

ಯಾರೂ ಇನ್ನೂ ಲೂಪ್ (ಮುರಿದ ಶಾಫ್ಟ್ ಕೆಳಗೆ ಬೀಳದ ಹಾಗೆ ಅದರ ಸುತ್ತ ಹಾಕುವ ಬಳೆ) ಬಗ್ಗೆ ಬರೆದಿಲ್ಲ ಅನ್ನುವುದು ಆಶ್ಚರ್ಯ. ಮುಂದಿನ ಕ್ರಾಸ್ ಮುರಿದರೆ ಶಾಫ್ಟ್‌ನ ಮುಂಭಾಗ ಕೆಳಗೆ ಬೀಳುತ್ತದೆ. ಅದು ನೆಲಕ್ಕೆ ಕಚ್ಚಿಕೊಂಡರೆ ಕಾರಿನ ಹಿಂಭಾಗವನ್ನೇ ಎತ್ತಬಹುದು. ಇಲ್ಲವೇ ತಳ ಸೀಳಿಕೊಂಡು ಸೀಟಿನ ಪಕ್ಕಕ್ಕೆ ಬರಬಹುದು. ಹಿಂದೆ ಮುರಿದರೆ ಅಷ್ಟು ಭಯ ಇಲ್ಲ, ಎಳೆದುಕೊಂಡು ಬರುತ್ತದೆ.

ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಸ್ಲಿಕ್ (ಗೆರೆಗಳಿಲ್ಲದ ರೇಸ್ ಟೈರ್) ಹಾಕಿ ಕಾಲು ಮೈಲಿ 13.99 ಸೆಕೆಂಡ್ ಅಥವಾ ಬೇಗ ಓಡುವ ಕಾರಿಗೆ ಲೂಪ್ ಕಡ್ಡಾಯ. ರಸ್ತೆ ಟೈರ್‌ನಲ್ಲಿ 11.49ವರೆಗೆ ವಿನಾಯಿತಿ. ಸುತ್ತಲೂ ಪೂರ್ತಿ ಬಳಸಿರಬೇಕು, ಮುಂದಿನ ಕ್ರಾಸ್‌ನಿಂದ 6 ಇಂಚಿನ ಒಳಗೆ ಇರಬೇಕು, ಉಕ್ಕಿನ ಪಟ್ಟಿಯಾದರೆ ಕಾಲು ಇಂಚು ದಪ್ಪ, 2 ಇಂಚು ಅಗಲ. ಡ್ರ್ಯಾಗ್ ರೇಡಿಯಲ್ ಯಾವ ಪಟ್ಟಿಗೆ ಬರುತ್ತದೆ ಅಂತ ವಾದ ಮಾಡುತ್ತಾ ಕೂರಬೇಡಿ, ಹಾಕಿಬಿಡಿ. ಬೇರೆಲ್ಲದಕ್ಕಿಂತ ಮೊದಲು ಇದು.

ಹಿಂಗಾಲಿ_ಹುಡುಗ:

ಲೂಪ್ ಹಾಕುತ್ತೇನೆ, ಅದರಲ್ಲಿ ಚರ್ಚೆ ಇಲ್ಲ. ಒಂದು ಪ್ರಶ್ನೆ: ಈಗಿರುವ ಆಕ್ಸಲ್ ದಣಿದಿದೆಯೋ ಇಲ್ಲವೋ ಅಂತ ಮುರಿಯುವ ಮೊದಲೇ ತಿಳಿಯುವುದು ಹೇಗೆ?

ಬೂಸ್ಟ್_ಬಸಣ್ಣ:

ಆಕ್ಸಲ್ ಹೊರಗೆ ತೆಗೆದು ಈ ತುದಿಯಿಂದ ಆ ತುದಿಗೆ ಪೇಂಟ್‌ನಲ್ಲಿ ನೆಟ್ಟಗೆ ಒಂದು ಗೆರೆ ಎಳೆಯಿರಿ. ಕೆಲವು ರೇಸ್ ಆದ ಮೇಲೆ ತೆಗೆದು ನೋಡಿ. ಗೆರೆ ಓರೆಯಾಗಿದ್ದರೆ ಉಕ್ಕು ಮಿತಿ ದಾಟಿ ತಿರುಚಿಕೊಂಡಿದೆ, ಅದು ವಾಪಸ್ ಬರುವುದಿಲ್ಲ. ಸ್ಪ್ಲೈನ್ ಹಲ್ಲುಗಳನ್ನೂ ನೋಡಿ. ಡಿಫ್ ಒಳಗೆ ಕೂರುವ ಭಾಗ ಮುಗಿಯುವಲ್ಲಿ ಹಲ್ಲುಗಳು ಹಿಂಡಿದ ಬಟ್ಟೆಯ ಹಾಗೆ ಸೊಟ್ಟಗಾಗಿದ್ದರೆ ಆಕ್ಸಲ್ ಮೂಲೆಗೆ.

ಲೇತ್_ಮಾಸ್ಟರ್:

ಮುರಿದ ಮೇಲೂ ತುಂಡನ್ನು ಗುಜರಿಗೆ ಹಾಕಬೇಡಿ, ಮೊದಲು ಮುಖ ನೋಡಿ. ಅಡ್ಡಕ್ಕೆ ಸಪಾಟಾಗಿ ಸುಳಿ ಬಿದ್ದ ಹಾಗೆ ಮುರಿದಿದ್ದರೆ ನಾರಿನ ಉಕ್ಕು ಒಂದೇ ಸಲಕ್ಕೆ ಹೆಚ್ಚಿನ ಭಾರಕ್ಕೆ ಹೋಗಿದೆ. 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಸೀಳಿದ್ದರೆ ಗಡುಸು ಉಕ್ಕು, ಹೊಡೆತ. ಅಲೆ ಅಲೆಯಾದ ಗೆರೆಗಳಿದ್ದು, ಒಂದು ಕಡೆ ಹಳೆಯ ತುಕ್ಕು ಕಂಡರೆ ಬಿರುಕು ಎಷ್ಟೋ ದಿನದಿಂದ ಬೆಳೆಯುತ್ತಿತ್ತು, ಕೊನೆಯ ಓಟ ನೆಪ ಮಾತ್ರ. ಮೊದಲ ಎರಡಕ್ಕೆ ದಪ್ಪ ಆಕ್ಸಲ್ ಬೇಕು, ಇಲ್ಲವೇ ಮೆತ್ತಗಿನ ಕ್ಲಚ್. ಮೂರನೆಯದಕ್ಕೆ ಹೊಸ ಆಕ್ಸಲ್ ಹಾಕುವ ಮೊದಲು ಬೇರಿಂಗ್, ಹೌಸಿಂಗ್ ಬಾಗಿದೆಯಾ ನೋಡಿ.

ಸ್ಟ್ರಿಪ್_ಸೀನ:

ನನ್ನದೊಂದು ಮಾತು. ಎಲ್ಲವನ್ನೂ ಗಟ್ಟಿ ಮಾಡುತ್ತಾ ಹೋದರೆ ಕೊನೆಗೆ ಗೇರ್‌ಬಾಕ್ಸ್ ಒಡೆಯುತ್ತದೆ. ಒಂದು ಅಗ್ಗದ ಭಾಗವನ್ನು ಬೇಕೆಂದೇ ಫ್ಯೂಸ್ ಆಗಿ ಬಿಡಬೇಕು. ಆಕ್ಸಲ್ ಬದಲಿಸುವುದು ಸುಲಭ, ಅದನ್ನೇ ಫ್ಯೂಸ್ ಮಾಡಿದರೆ ಏನು ತಪ್ಪು?

ಕ್ವಾರ್ಟರ್_ಮೈಲಿ:

ಲೈವ್ ಆಕ್ಸಲ್‌ನಲ್ಲಿ ಅದು ಜೀವಕ್ಕೆ ಕುತ್ತು ಸೀನ. ಅನೇಕ ಕಾರುಗಳಲ್ಲಿ ಆಕ್ಸಲನ್ನು ಹಿಡಿದಿರುವುದು ಡಿಫ್ ಒಳಗಿನ ಒಂದು ಸಣ್ಣ ಸಿ-ಕ್ಲಿಪ್. ಆಕ್ಸಲ್ ಮುರಿದರೆ ಹೊರಗಿನ ತುಂಡನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಚಕ್ರ, ಬ್ರೇಕ್ ಡ್ರಮ್ ಸಮೇತ ಹೊರಗೆ ಬರುತ್ತದೆ. ಅದಕ್ಕೇ ಎನ್‌ಎಚ್‌ಆರ್‌ಎಯಲ್ಲಿ 10.99 ಅಥವಾ ಅದಕ್ಕಿಂತ ಬೇಗ ಓಡುವ ಕಾರುಗಳಿಗೆ, ಹಾಗೆಯೇ ಡಿಫ್ ಲಾಕ್ ಮಾಡಿದ ಯಾವುದೇ ಕಾರಿಗೆ, ಕಾರ್ಖಾನೆಯದಲ್ಲದ ಬೇರೆ ಆಕ್ಸಲ್ ಮತ್ತು ಅದನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯ.

ಬೂಸ್ಟ್_ಬಸಣ್ಣ:

ಫ್ಯೂಸ್ ಬೇಕು ಅನ್ನುವ ಸೀನನ ಮಾತು ಒಪ್ಪುತ್ತೇನೆ. ಜಾಗ ಒಪ್ಪುವುದಿಲ್ಲ. ಮುರಿಯದೆ ಜಾರುವ ಭಾಗ ಒಂದೇ ಒಂದಿದೆ, ಕ್ಲಚ್. ಪಕ್ ಕ್ಲಚ್ ತೆಗೆದು, ಎಂಜಿನ್ ಟಾರ್ಕ್‌ಗಿಂತ ಸ್ವಲ್ಪವೇ ಹೆಚ್ಚು ಹಿಡಿಯುವ ಆರ್ಗ್ಯಾನಿಕ್ ಡಿಸ್ಕ್ ಹಾಕಿ. ಇಲ್ಲವೇ ಕ್ಲಚ್ ಎಣ್ಣೆ ಪೈಪ್‌ನಲ್ಲಿ ಸಣ್ಣ ತೂತಿನ ತಡೆ ಹಾಕಿ. ಪೆಡಲ್ ಎಷ್ಟೇ ಬೇಗ ಬಿಟ್ಟರೂ ಕ್ಲಚ್ ನಿಧಾನಕ್ಕೆ ಹಿಡಿಯುತ್ತದೆ. ಆಟೊಮ್ಯಾಟಿಕ್‌ನವರ ಶಾಫ್ಟ್‌ಗಳು ಜಾಸ್ತಿ ಬಾಳುವುದು ಇದೇ ಕಾರಣಕ್ಕೆ. ಕ್ಲಚ್ ಜಾಗದಲ್ಲಿರುವ ಅವರ ಟಾರ್ಕ್ ಕನ್ವರ್ಟರ್ ಹೊರಡುವಾಗ ಟಾರ್ಕನ್ನು ಸುಮಾರು ದುಪ್ಪಟ್ಟು ಮಾಡುತ್ತದೆ, ಆದರೂ ನಡುವೆ ಎಣ್ಣೆ ಇರುವುದರಿಂದ ಹೊಡೆತ ಮೆತ್ತಗಾಗುತ್ತದೆ.

ಸ್ಟ್ರಿಪ್_ಸೀನ:

ಕ್ಲಚ್ ಸುಡುವುದಕ್ಕಿಂತ ಆಕ್ಸಲ್ ಬದಲಿಸುವುದು ವಾಸಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಸಿ-ಕ್ಲಿಪ್ ವಿಷಯ ಮಾತ್ರ ಒಪ್ಪಿದೆ.

ಹಿಂಗಾಲಿ_ಹುಡುಗ:

ನಾನು ಹೀಗೆ ಮಾಡಬೇಕೆಂದಿದ್ದೇನೆ. ಮೊದಲು ಲೂಪ್, ಬುಷ್‌ಗಳು, ಕ್ಲಚ್. ಆಮೇಲೆ 31 ಸ್ಪ್ಲೈನ್ ಆಕ್ಸಲ್ ಮತ್ತು ಸಿ-ಕ್ಲಿಪ್ ಬದಲಿಗೆ ಹೊರಗಿನಿಂದ ಹಿಡಿಯುವ ವ್ಯವಸ್ಥೆ. 35ಕ್ಕೆ ಡಿಫ್ ಪೂರ್ತಿ ಬದಲಿಸಬೇಕು, ಸದ್ಯಕ್ಕೆ ಬೇಡ. ಟನಲ್‌ನಲ್ಲಿ 4 ಇಂಚಿನ ಕೊಳವೆ ತೂರುವುದಿಲ್ಲ, ಸೈಲೆನ್ಸರ್ ತಾಗುತ್ತದೆ. ಹಾಗಾಗಿ ಎರಡು ತುಂಡಿನ ಶಾಫ್ಟ್‌ನಲ್ಲೇ 1350 ಕ್ರಾಸ್, ಗಟ್ಟಿ ಸೆಂಟರ್ ಬೇರಿಂಗ್. ಡಿಫ್ 4.10 ಮಾಡುವ ಯೋಚನೆಯೂ ಇದೆ, ಏನಂತೀರಿ?

ಲೇತ್_ಮಾಸ್ಟರ್:

4.10 ಮಾಡಿದರೆ ಅದೇ ಒಂದು ಜಿಗೆ ಪ್ರೊಪೆಲ್ಲರ್ ಶಾಫ್ಟ್ ಮೇಲಿನ ಟಾರ್ಕ್ 1390ರಿಂದ 1260ಕ್ಕೆ ಇಳಿಯುತ್ತದೆ. ಆಕ್ಸಲ್‌ಗೆ ಏನೂ ವ್ಯತ್ಯಾಸ ಇಲ್ಲ. ಆದರೆ 180 ಕಿ.ಮೀ. ವೇಗದಲ್ಲಿ ಶಾಫ್ಟ್ 5900 ಆರ್‌ಪಿಎಂ ಮುಟ್ಟುತ್ತದೆ. ಎರಡು ತುಂಡಿನದಾದ್ದರಿಂದ ನಿಮಗೆ ಸರಿ. ಮುಂದೆಂದಾದರೂ ಒಂದೇ ತುಂಡಿಗೆ ಹೋದರೆ ಮತ್ತೆ ಲೆಕ್ಕ ಹಾಕಿ.

ಶಾಫ್ಟ್ ಮಾಡಿಸಲು ಅಳತೆ ಕೊಡುವಾಗ ಕಾರು ಚಕ್ರದ ಮೇಲೆ ನಿಂತಿರಬೇಕು, ಜಾಕ್ ಮೇಲೆ ಅಲ್ಲ. ಜೋತುಬಿದ್ದ ಆಕ್ಸಲ್‌ನಲ್ಲಿ ತೆಗೆದ ಅಳತೆ ತಪ್ಪಾಗುತ್ತದೆ. ಉದ್ದ ಹೊಂದಿಸಿಕೊಳ್ಳಲು ಒಳಗೆ ಹೊರಗೆ ಜಾರುವ ಸ್ಲಿಪ್ ಯೋಕ್ ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ ಮುಕ್ಕಾಲರಿಂದ ಒಂದು ಇಂಚು ಹೊರಗೆ ಎಳೆದ ಸ್ಥಾನದಲ್ಲಿ ಅಳೆಯಿರಿ. ಡಿಫ್‌ಗೆ ಶಾಫ್ಟ್ ಸೇರುವ ಪಿನಿಯನ್ ಮೂತಿ ಒಂದೆರಡು ಡಿಗ್ರಿ ಕೆಳಗೆ ನೋಡುತ್ತಿರಲಿ, ಎಳೆತಕ್ಕೆ ಅದು ಮೇಲೆದ್ದು ನೆಟ್ಟಗಾಗುತ್ತದೆ. ನಿಮ್ಮ ಹಿಂದಿನ ಸಸ್ಪೆನ್ಷನ್ ಲಿಂಕ್‌ನದೋ, ಪಟ್ಟಿ ಸ್ಪ್ರಿಂಗ್‌ನದೋ? ಪಟ್ಟಿ ಸ್ಪ್ರಿಂಗ್ ಆದರೆ ಈ ಕೋನ ಇನ್ನೂ ಜಾಸ್ತಿ ಬೇಕು.

ಹಿಂಗಾಲಿ_ಹುಡುಗ:

ನಾಲ್ಕು ಲಿಂಕ್, ಮಾಸ್ಟರ್. ಬುಷ್ ಬದಲಿಸಿದ ಮೇಲೆ ಕೋನ ಅಳೆದು ಇಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ ಡ್ರ್ಯಾಗ್ ರೇಡಿಯಲ್ ಗ್ಯಾರೇಜ್‌ನಲ್ಲೇ ಇರಲಿ.